ಎರಡನೇ ಸಲ ಯಾರೂ ಕೇಳಲಿಲ್ಲ

ಗೋಕಾಕದ ಪತ್ರಿಕಾ ಕಚೇರಿಯಲ್ಲಿ ಎಂಟು ವರ್ಷ ವರದಿ ಬರೆದ ಮೇಲೆ ನನಗೆ ವಿದ್ಯಾರ್ಥಿವೇತನವೊಂದು ಸಿಕ್ಕಿತು. ಒಂದು ವರ್ಷ ಇಂಗ್ಲೆಂಡಿನಲ್ಲಿ ಪತ್ರಿಕೋದ್ಯಮ ಓದುವುದು. ಹೊರಡುವ ಮುನ್ನ ಹುಕ್ಕೇರಿಯ ಮಾವ ಕೊರಳ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡರು: ಅಲ್ಲಿ ಕುಡಿಯಬಾರದು. ಅಲ್ಲಿನ ಹುಡುಗರು ಹೊಸಬರಿಗೆ ಬಲವಂತವಾಗಿ ಕುಡಿಸುತ್ತಾರೆ ಎಂದು ಅವರಿಗೆ ಖಚಿತ ಮಾಹಿತಿ ಬಂದಿತ್ತು. ಮೂಲ ಯಾವುದೆಂದು ನಾನು ಕೇಳಲಿಲ್ಲ. ಮಾವನ ಮೂಲವನ್ನು ಅಳಿಯ ಕೇಳುವ ಪದ್ಧತಿ ಇಲ್ಲ.

ಸಿದ್ಧನಾಗಿಯೇ ಹೋದೆ. ವಿಮಾನದಲ್ಲಿ ಕೂತು ಮೂರು ನಿರಾಕರಣೆಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಂಡೆ. ಮೊದಲನೆಯದು ಮೃದು. ಎರಡನೆಯದು ಆರೋಗ್ಯದ ಕಾರಣ. ಮೂರನೆಯದು ಧರ್ಮ, ಮನೆತನ, ಮಾವ ಎಲ್ಲವನ್ನೂ ಒಳಗೊಂಡ ಪೂರ್ಣಪಾಠ.

ಮೊದಲ ಶುಕ್ರವಾರ ತರಗತಿಯಲ್ಲಿ ಮೇಷ್ಟ್ರು ಹೇಳಿದರು: ನಾಲ್ಕು ಜನ ಗುಂಪು ಕಟ್ಟಿ ಒಂದು ವರದಿ ಬರೆಯಬೇಕು, ನಾಲ್ವರ ಹೆಸರಿನೊಂದಿಗೆ ಅದು ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇಂಗ್ಲಿಷ್ ಪತ್ರಿಕೆಯಲ್ಲಿ ನನ್ನ ಹೆಸರು! ಮೂಡಲಗಿಯಲ್ಲಿದ್ದ ಹೆಂಡತಿ ಶೋಭಾಳಿಗೆ ಅಲ್ಲಿಂದಲೇ ಸಂದೇಶ ಕಳಿಸಿದೆ, ಯಾರಿಗೂ ಹೇಳಬೇಡ ಎಂಬ ಸೂಚನೆಯೊಂದಿಗೆ.

ಗುಂಪು ಕಟ್ಟುವುದು ಮಾತ್ರ ಪಬ್ಬಿನಲ್ಲಂತೆ. ಸಂಜೆ ಐದಕ್ಕೆ ಮೇಷ್ಟ್ರ ಸಮೇತ ಇಡೀ ತರಗತಿ ಎದ್ದು ಅತ್ತ ನಡೆಯಿತು.

"ನಿನಗೇನು ತರಲಿ?" ಸಹಪಾಠಿ ಎಮ್ಮಾ ಕೇಳಿದಳು.

"ಬೇಡ, ಬೇಡ." ಇದು ಮೃದು ನಿರಾಕರಣೆ.

"ಸರಿ," ಎಂದು ಹೋದಳು.

ಎರಡನೆಯದನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದೆ. ತನ್ನ ಬಿಯರ್ ಹಿಡಿದು ಬಂದಳು, ಕುಡಿದಳು. ಬಲವಂತ ವರದಿಯಾಗಲಿಲ್ಲ.

ಇಲ್ಲಿ ನಮ್ಮ ಕಡೆಯ ಪದ್ಧತಿ ಹೇಳಬೇಕು. ಹುಕ್ಕೇರಿಯ ಅತ್ತೆ ಹೋಳಿಗೆ ಹಿಡಿದು ಬಂದಾಗ ಮೊದಲ ಸಲ "ಬ್ಯಾಡ್ರಿ" ಎನ್ನುವುದು ಮರ್ಯಾದೆ. ಎರಡನೇ ಸಲ ತಾಟಿಗೆ ಕೈ ಅಡ್ಡ ಹಿಡಿಯುವುದು ಸಂಸ್ಕಾರ. ಮೂರನೇ ಸಲ ಆ ಕೈಯ ಮೇಲೇ ಹೋಳಿಗೆ ಬೀಳುತ್ತದೆ. ಅದು ಊಟ.

ಪಬ್ಬಿನಲ್ಲಿ ಕರಿದ ಆಲೂಗಡ್ಡೆ ಬಂತು. ಹಸಿದಿದ್ದೆ. "ಬೇಡ" ಎಂದೆ. ತಟ್ಟೆ ಮುಂದೆ ಸಾಗಿತು. ಕಿತ್ತಳೆ ರಸ ತರಲೇ ಎಂದರು. "ಸುಮ್ಮನೆ ತೊಂದರೆ" ಎಂದೆ. ಯಾರೂ ತೊಂದರೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಎಮ್ಮಾ, "ನಾವು ಮೂವರಿದ್ದೇವೆ. ನಮ್ಮ ಗುಂಪಿಗೆ ಸೇರುತ್ತೀಯಾ?" ಎಂದಳು. ನಾನು ಬಂದದ್ದೇ ಇದಕ್ಕೆ. ಮನಸ್ಸು ಕುಣಿಯಿತು. ಬಾಯಿ ಹೇಳಿತು: "ಅಯ್ಯೋ ಬೇಡ, ನನ್ನಿಂದ ನಿಮಗ್ಯಾಕೆ ಭಾರ?"

"ಸರಿ," ಎಂದಳು.

ಪಕ್ಕದ ಮೇಜಿನ ಹುಡುಗ ನಾಲ್ಕನೆಯವನಾದ. ಒಂದೇ ಸಲಕ್ಕೆ ಹೂಂ ಎಂದ. ಸಂಸ್ಕಾರವಿಲ್ಲದವನು. ಉಳಿದವನು ನಾನೊಬ್ಬನೇ, ಒಬ್ಬನೇ ಬರೆದದ್ದು ಅಚ್ಚಾಗುವುದಿಲ್ಲ ಎಂದರು ಮೇಷ್ಟ್ರು.

ಮರುದಿನ ಶೋಭಾಳಿಗೆ ಫೋನ್ ಮಾಡಿದೆ.

"ಬ್ಯಾಡ ಅಂತ ಯಾಕ ಅಂದ್ರಿ?"

"ಇನ್ನೊಮ್ಮಿ ಕೇಳ್ತಾರ ಅಂತ ತಿಳದಿದ್ನಿ."

"ಅಲ್ಲೇನ ನಮ್ಮವ್ವ ಬಡಸಾಕ ನಿಂತಾಳೇನ್ರಿ? ನಾ ಇಲ್ಲಿ ಓಣಿ ತುಂಬ ಹೇಳೇನಿ, ಇಂಗ್ಲಿಷ್ ಪೇಪರ್‌ನಾಗ ನಿಮ್ಮ ಹೆಸರ ಬರತೈತಿ ಅಂತ."

"ಯಾರಿಗೂ ಹೇಳಬ್ಯಾಡ ಅಂದಿದ್ನೆಲ್ಲ?"

"ಅಂದಿದ್ರಿ. ಅದು ಖರೇ ಬ್ಯಾಡೋ, ಊಟದ ಬ್ಯಾಡೋ, ನನಗ ಹೆಂಗ ತಿಳೀಬೇಕ್ರಿ?"

ಸೋಮವಾರ ನಾಚಿಕೆ ಬಿಟ್ಟು ಎಮ್ಮಾಳ ಬಳಿಗೆ ಹೋದೆ. ಶುಕ್ರವಾರ ನಾನು ಬೇಡ ಎಂದದ್ದಕ್ಕೆ ಬೇಕು ಎಂದೇ ಅರ್ಥವೆಂದು ವಿವರಿಸಿದೆ. ಗುಂಪಿನಲ್ಲಿ ಜಾಗವಿರಲಿಲ್ಲ. ಆದರೆ ಅವರು ಆರಿಸಿಕೊಂಡ ವಿಷಯ, ಹೊರದೇಶದ ವಿದ್ಯಾರ್ಥಿಗಳು ಮತ್ತು ಇಲ್ಲಿನ ಕುಡಿತ. ಪಬ್ಬಿನಲ್ಲಿ ಎರಡು ತಾಸು ಕೂತು ನೀರನ್ನೂ ಮುಟ್ಟದ ವಿದ್ಯಾರ್ಥಿ ಅವರ ದಾಖಲೆಯಲ್ಲಿ ನಾನೊಬ್ಬನೇ.

"ಸಂದರ್ಶನ ಕೊಡುತ್ತೀ—"

"ಹೂಂ," ಎಂದೆ. ಬರೆದವರ ಸಾಲಿನಲ್ಲಿ ಇಲ್ಲದಿದ್ದರೇನು, ವರದಿಯ ಒಳಗಾದರೂ ಹೆಸರು ಬರುತ್ತದೆ.

ಒಂದು ಗಂಟೆ ಮಾತಾಡಿದೆ. ಪೂರ್ಣಪಾಠವನ್ನೂ ಒಪ್ಪಿಸಿದೆ. ಎಲ್ಲ ಬರೆದುಕೊಂಡ ಎಮ್ಮಾ ಕೊನೆಗೆ ಕೇಳಿದಳು, "ನಿನ್ನ ಹೆಸರು ಹಾಕಬಹುದೇ?"

ನಾನು ವಿನಯದಿಂದ ತಲೆ ಬಗ್ಗಿಸಿದೆ. "ಅಯ್ಯೋ, ನನ್ನ ಹೆಸರೇಕೆ? ಬೇಡ, ಬೇಡ."

ತಲೆ ಎತ್ತುವಷ್ಟರಲ್ಲಿ ಆಕೆ ಪುಸ್ತಕ ಮುಚ್ಚಿದ್ದಳು.

ವರದಿ ಚೆನ್ನಾಗಿ ಬಂದಿದೆ. 'ಹೆಸರು ಹೇಳಲು ಇಚ್ಛಿಸದ ಭಾರತೀಯ ವಿದ್ಯಾರ್ಥಿ' ಹನ್ನೊಂದು ಸಾಲು ಮಾತಾಡಿದ್ದಾನೆ. ನಾನು ಕಳಿಸಿದ ಪ್ರತಿಯಲ್ಲಿ ಶೋಭಾ ಆ ಸಾಲುಗಳ ಕೆಳಗೆ ಗೆರೆ ಎಳೆದು, ಇವರೇ ನಮ್ಮವರು ಎಂದು ಓಣಿಗೆಲ್ಲ ತೋರಿಸುತ್ತಿದ್ದಾಳಂತೆ. ಇದುವರೆಗೆ ಯಾರೂ ನಂಬಿಲ್ಲ.