ಬೋರ್ಡಿನಲ್ಲಿ ಉಳಿದುಹೋದ ‘ಮತ್ತು’ ಮಹಾಶಯರಿಗೆ

ಬೀದಿಯ ಈ ಬದಿಯಲ್ಲಿ ನಿಂತವರೇ, ಆ ಬದಿಯ ಕಟ್ಟೆಯ ಮೇಲೆ ಕೂತವರೇ, ಒಗೆಯಲು ಕೊಟ್ಟ ಬಟ್ಟೆ ಕೊಟ್ಟ ಬಣ್ಣದಲ್ಲೇ ಮರಳುತ್ತದೆಂದು ಇಂದಿಗೂ ನಂಬಿರುವ ಸಮಸ್ತ ಸಜ್ಜನರೇ, ಸ್ವಲ್ಪ ಮುಂದೆ ಸರಿದು ಹಿಂದಿನವರಿಗೂ ಜಾಗ ಕೊಡಿ. ಈ ಪತ್ರ ನಿಮಗೆ ಬರೆದದ್ದಲ್ಲ, ನೀವು ಸಾಕ್ಷಿಗಳು. ಇದು ನಿಮ್ಮ ತಲೆಯ ಮೇಲೆ, ಲಾಂಡ್ರಿಯ ಬೋರ್ಡಿನಲ್ಲಿ, ಹಳದಿ ಬಣ್ಣ ಬಳಿದುಕೊಂಡು ಕೂತಿರುವ ಒಂದು ಪದಕ್ಕೆ ಬರೆದದ್ದು.

ಮಾನ್ಯ ‘ಮತ್ತು’ ಅವರೇ,

ತಮ್ಮ ಪಾದಗಳಿಗೆ, ಅಂದರೆ ತಮ್ಮ ಕೆಳಗೆ ನೇತಾಡುವ ತಕಾರದ ಒತ್ತಿಗೆ, ದೀರ್ಘದಂಡ ನಮಸ್ಕಾರಗಳು. ಈ ಪತ್ರದಲ್ಲಿ ತಮ್ಮನ್ನು ಕರೆಯಲಿಕ್ಕಲ್ಲದೆ ಬೇರಾವ ಕೆಲಸಕ್ಕೂ ಬಳಸದಂತೆ ನಾನು ಎಚ್ಚರ ವಹಿಸಿದ್ದೇನೆ. ಒಮ್ಮೆ ಸುಟ್ಟುಕೊಂಡ ಕೈ ಇದು.

ಹನ್ನೊಂದು ವರ್ಷಗಳ ಹಿಂದೆ ನನ್ನ ಅಕ್ಕನ ಗಂಡನೂ ನಾನೂ ಸೇರಿ ಒಂದು ಒಗೆಯುವ ಯಂತ್ರ, ಎರಡು ಇಸ್ತ್ರಿ ಮೇಜು ಇಟ್ಟುಕೊಂಡು ಅಂಗಡಿ ತೆರೆದಾಗ, ‘ಭಾವ ಮತ್ತು ಭಾವಮೈದ ಡ್ರೈ ಕ್ಲೀನರ್ಸ್’ ಎಂದು ಬೋರ್ಡು ಬರೆಸಿದವಳು ನನ್ನ ಅಕ್ಕ. ಅಂದೇ ತಾವು ರಂಗಪ್ರವೇಶ ಮಾಡಿ, ನಮ್ಮಿಬ್ಬರ ನಡುವೆ ನಿಂತು, ಒಂದು ಕೈಯನ್ನು ಭಾವನ ಹೆಗಲ ಮೇಲೂ ಇನ್ನೊಂದನ್ನು ನನ್ನ ಕತ್ತಿನ ಮೇಲೂ ಇಟ್ಟಿರಿ. ನಮ್ಮ ಭಾಷೆಯಲ್ಲಿ ತಮಗೆ ಎರಡು ಅರ್ಥ: ಒಂದು ಕೂಡಿಸುವುದು, ಇನ್ನೊಂದು ಅಮಲು. ಮೊದಲನೆಯದನ್ನು ನಂಬಿ ನಾನು ಪಾಲುದಾರಿಕೆಗೆ ಸಹಿ ಹಾಕಿದೆ. ಎರಡನೆಯದು ಇಳಿಯಲು ಹನ್ನೊಂದು ವರ್ಷ ಹಿಡಿಯಿತು.

ಭಾವ ಕೆಟ್ಟವರೆಂದು ಯಾರೂ ತಿಳಿಯಬಾರದು. ಅವರ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಹುಟ್ಟಿಲ್ಲ, ಅಷ್ಟೇ. ಅಂಗಿಗೆ ಶಾಯಿ ಚೆಲ್ಲಿಕೊಂಡು ಬಂದವರಿಗೂ “ಹೋಗತ್ತೆ ಬಿಡಿ”, ಕೋಟಿಗೆ ಡಾಂಬರು ಮೆತ್ತಿಕೊಂಡು ಬಂದವರಿಗೂ “ಹೋಗತ್ತೆ ಬಿಡಿ”. ಕಲೆ ಉಳಿದು ಬಟ್ಟೆಯೇ ಹೋದಾಗ ಮಾತ್ರ ಅವರು ಮೆಲ್ಲನೆ ನೇಪಥ್ಯಕ್ಕೆ ಸರಿದು, “ಅದೆಲ್ಲ ನಮ್ಮ ಭಾವಮೈದ ನೋಡ್ಕೋತಾನೆ, ಅವನ ಹತ್ರ ಮಾತಾಡಿ” ಎನ್ನುತ್ತಿದ್ದರು. ಮಾತು ಕೊಡುವ ಪಾತ್ರ ಅವರದು, ಬೈಸಿಕೊಳ್ಳುವ ಪಾತ್ರ ನನ್ನದು, ಸೂತ್ರಧಾರರು ತಾವು.

ಆದುದರಿಂದ ಐದು ತಿಂಗಳ ಹಿಂದೆ, ಅಕ್ಕನ ಎದುರಿಗೇ, ಜಗಳವಿಲ್ಲದೆ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೊರಬಂದು, ಪಕ್ಕದ ಬೀದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡೆ. ನಾನಿದ್ದ ಕಾಲದ ಎಡವಟ್ಟುಗಳಿಂದ ನಾನು ನುಣುಚಿಕೊಂಡವನಲ್ಲ. ದಂತವೈದ್ಯರ ಕೋಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ತನ್ನ ಅಚ್ಚು ಒತ್ತಿದ್ದಕ್ಕೆ ಆ ಕೋಟಿಗೆ ಹೊಸ ಬೆನ್ನನ್ನೇ ಹೊಲಿದುಕೊಟ್ಟಿದ್ದೇನೆ. ಮುಂದಿನದಕ್ಕೆ ನಾನಲ್ಲ ಎಂಬುದಷ್ಟೇ ನನ್ನ ಬೇಡಿಕೆಯಾಗಿತ್ತು. ಬೋರ್ಡಿನಿಂದ ನನ್ನನ್ನು ಅಳಿಸಲು ಪೇಂಟರನನ್ನು ಕರೆಸಿದೆ. ಆ ಪುಣ್ಯಾತ್ಮ ‘ಭಾವಮೈದ’ನ ಮೇಲೆ ಬಣ್ಣ ಬಳಿದು, ತಮ್ಮನ್ನು ಹಾಗೆಯೇ ಬಿಟ್ಟು, ಏಣಿ ಇಳಿದ. ಕೇಳಿದರೆ, “ನಿಮ್ಮ ಹೆಸರು ಅಳಿಸು ಅಂದ್ರಿ, ಅಳಿಸಿದೆ. ‘ಮತ್ತು’ ನಿಮ್ಮ ಹೆಸರಲ್ಲವಲ್ಲ” ಎಂದ. ಆ ವ್ಯಾಕರಣಕ್ಕೂ ಸೇರಿಸಿ ಕೂಲಿ ಕೊಟ್ಟು ಕಳಿಸಿದೆ.

ಅಂದಿನಿಂದ ಬೋರ್ಡು ‘ಭಾವ ಮತ್ತು’ ಎಂದು ಹೇಳಿ, ಮಾತು ಮರೆತ ನಟನಂತೆ ತಡೆದು, ಆಮೇಲೆ ‘ಡ್ರೈ ಕ್ಲೀನರ್ಸ್’ ಎನ್ನುತ್ತಿದೆ. ಆ ಖಾಲಿ ಜಾಗವನ್ನು ತುಂಬಿಸಿ ಓದದವರು ಊರಲ್ಲಿ ಒಬ್ಬರೂ ಇಲ್ಲ. ಕಳೆದ ತಿಂಗಳು ಬ್ಯಾಂಡ್ ಮಾಸ್ತರರು ತಮ್ಮ ತಂಡದ ಹದಿನೆಂಟು ಬಿಳಿ ಸಮವಸ್ತ್ರಗಳನ್ನು ಕೊಟ್ಟರು. ಭಾವ ಅವನ್ನು ಯಾರದೋ ಕೆಂಪು ಪರದೆಯೊಂದಿಗೆ ಯಂತ್ರಕ್ಕೆ ಹಾಕಿದರು. ಹದಿನೆಂಟೂ ಗುಲಾಬಿಯಾಗಿ ಹೊರಬಂದವು. ಮಾಸ್ತರರು ನೆಟ್ಟಗೆ ನನ್ನ ಹೊಲಿಗೆ ಅಂಗಡಿಗೆ ಬಂದು ನಿಂತರು. ನಾನು ಬಿಡುಗಡೆ ಪತ್ರ ತೋರಿಸಿದೆ. “ಕಾಗದ ನಿಮ್ಮ ಪೆಟ್ಟಿಗೇಲಿತ್ತು, ಬೋರ್ಡು ಬೀದೀಲಿತ್ತು. ನಾನು ಓದಿದ್ದು ಬೋರ್ಡು. ‘ಮತ್ತು’ ಅಂದ್ರೆ ಇನ್ನೊಬ್ಬ ಇದಾನೆ ಅಂತ. ಆ ಇನ್ನೊಬ್ಬ ನೀವಲ್ಲದೆ ನಾನಾ?” ಎಂದರು.

ವಕೀಲರ ಬಳಿಗೆ ಓಡಿದರೆ, ಆಕೆ ಕನ್ನಡಕ ಒರೆಸುತ್ತಾ, “ಕಾಗದದಲ್ಲಿ ಹೊರಗಿದೀರಿ, ಊರಿನ ಕಣ್ಣಲ್ಲಿ ಒಳಗಿದೀರಿ. ಬಿಟ್ಟಿದೀನಿ ಅಂತ ಊರಿಗೆ ತಿಳಿಸದೆ ಇದ್ರೆ, ನಿಮ್ಮನ್ನ ನಂಬಿ ಬಟ್ಟೆ ಕೊಟ್ಟೋರು ನಿಮ್ಮನ್ನೇ ಹಿಡೀತಾರೆ. ಪತ್ರಿಕೇಲಿ ಪ್ರಕಟಣೆ ಕೊಡಿ, ಬೋರ್ಡು ಸರಿ ಮಾಡಿಸಿ” ಎಂದರು. ಪ್ರಕಟಣೆ ಕೊಟ್ಟೆ. ಅಲ್ಲಿಯೂ ತಾವು ಪ್ರತ್ಯಕ್ಷರಾದಿರಿ. ಪತ್ರಿಕಾ ಕಚೇರಿಯ ಗುಮಾಸ್ತರು ‘ಭಾವಮೈದ’ ಎಂದಷ್ಟೇ ಹಾಕುವ ಬದಲು ಅಂಗಡಿಯ ಹಳೆಯ ಹೆಸರನ್ನೇ ಹಿಡಿದು, ‘ಭಾವ ಮತ್ತು ಭಾವಮೈದ ಇನ್ನು ಮುಂದೆ ಯಾವ ಬಟ್ಟೆಗೂ ಜವಾಬ್ದಾರರಲ್ಲ’ ಎಂದು ಅಚ್ಚು ಹಾಕಿಸಿಬಿಟ್ಟರು. ಮಧ್ಯಾಹ್ನದೊಳಗೆ ಅರ್ಧ ಊರು ಒದ್ದೆ ಬಟ್ಟೆಗಳನ್ನೇ ಹಿಂಡಿಕೊಂಡು ಹೊತ್ತೊಯ್ದಿತು. ಅಕ್ಕ ನನ್ನ ಬಾಗಿಲಿಗೆ ಬಂದು, “ನೀನು ಬಿಟ್ಟು ಹೋಗು ಅಂದೆ ಕಣೋ, ಬೆಂಕಿ ಇಟ್ಟು ಹೋಗು ಅಂದಿರಲಿಲ್ಲ” ಎಂದಳು. ಆ ಮಾತಿಗೆ ಮೂರು ದಿನ ಅವಳ ಹಿತ್ತಲಲ್ಲಿ ಕೂತು ಹದಿನೆಂಟು ಸಮವಸ್ತ್ರಗಳ ಗುಲಾಬಿಯನ್ನು ನಾನೇ ಬಿಡಿಸಿ, ಹೆಚ್ಚುಕಡಿಮೆ ಬಿಳಿ ಎನ್ನಬಹುದಾದ ಸ್ಥಿತಿಗೆ ತಂದೆ.

ಮಾಸ್ತರರ ಕೋಪ ಇಳಿದದ್ದೇ ನನಗೆ ಮುಳುವಾಯಿತು. “ನೀವಿದೀರಿ ಅನ್ನೋ ಧೈರ್ಯ ಬಂತು. ಮೆರವಣಿಗೆಯ ನೀಲಿ ಕೋಟು, ಬಂಗಾರದ ಅಂಚಿನದು, ಹದಿನೆಂಟನ್ನೂ ಅಲ್ಲೇ ಕೊಡ್ತೀನಿ” ಎಂದುಬಿಟ್ಟರು. ನಾನಿಲ್ಲ ಎಂದೆ. “ಬೋರ್ಡಲ್ಲಿದೀರಲ್ಲ” ಎಂದು ನಕ್ಕು ಹೋದರು. ಆ ಕೋಟುಗಳು ನಾಳೆ ಹತ್ತು ಗಂಟೆಗೆ ಬರಲಿವೆ. ಅಂಗಡಿಯಲ್ಲಿ ಇನ್ನೊಂದು ಕೆಂಪು ಪರದೆ ಇದೆಯೆಂದೂ ಕೇಳಿದ್ದೇನೆ.

ಆದುದರಿಂದ ಮಹನೀಯರೇ, ತಮ್ಮಲ್ಲಿ ನನ್ನ ವಿನಂತಿ. ದಯಮಾಡಿ ನಾಳೆಯೊಳಗೆ ತಾವು ‘ಅಥವಾ’ ಆಗಿ. ನಾನಲ್ಲದಿದ್ದರೆ ಅವರು ಎಂದಾದರೂ ಆಗಲಿ. ಅದು ಕಷ್ಟವಾದರೆ ‘ಆದರೆ’ ಆಗಿ. ‘ಭಾವ ಆದರೆ ಡ್ರೈ ಕ್ಲೀನರ್ಸ್’ ಎಂದು ಓದಿದ ಗಿರಾಕಿ ಹೊಸ್ತಿಲಲ್ಲಿ ಒಂದು ಕ್ಷಣವಾದರೂ ನಿಂತು ಯೋಚಿಸುತ್ತಾನೆ. ಅದೂ ಆಗದಿದ್ದರೆ ಬಿಸಿಲಿಗೆ ಬಣ್ಣ ಕಳೆದುಕೊಂಡು ಮಾಯವಾಗಿ. ನಮ್ಮ ಅಂಗಡಿಯಲ್ಲಿ ಬಟ್ಟೆಗಳೇ ಆ ವಿದ್ಯೆ ಕಲಿತಿವೆ, ತಮಗೇನು ಕಷ್ಟ.

ತಮ್ಮನ್ನು ಪೂರ್ತಿ ಅಳಿಸಲು ಅಕ್ಕ ಒಪ್ಪಲಿಲ್ಲ. “ಈಗಲೇ ಒಂದು ಪದ ಹೋಗಿ ಬೋಳಾಗಿದೆ, ಇನ್ನೊಂದನ್ನೂ ಕಿತ್ತರೆ ಚೆನ್ನಾಗಿರಲ್ಲ. ಏನಾದ್ರೂ ಬರಿ, ಅಳಿಸಬೇಡ” ಎಂದಳು. ಭಾವನೂ ತಲೆಯಾಡಿಸಿದರು. ಸರಿ, ಅಳಿಸುವುದಿಲ್ಲ. ಕಾಗುಣಿತ ಬಲ್ಲವನಿಗೆ ಕುಂಚವೊಂದು ಸಾಕು. ತಮ್ಮ ಮಕಾರಕ್ಕೆ ಒಂದು ಇಳಿ ಕೊಡುತ್ತೇನೆ. ಹನ್ನೊಂದು ವರ್ಷದಲ್ಲಿ ತಮಗೆ ಬಂದಿರುವ ಆ ಕೊಂಬನ್ನು ತೆಗೆಯುತ್ತೇನೆ. ಕೆಳಗಿನ ತಕಾರದ ಒತ್ತನ್ನು ರಕಾರದ ಒತ್ತಾಗಿ ಬಗ್ಗಿಸುತ್ತೇನೆ. ಆಗ ತಾವು ‘ಮಾತ್ರ’ ಆಗುತ್ತೀರಿ. ‘ಭಾವ ಮಾತ್ರ ಡ್ರೈ ಕ್ಲೀನರ್ಸ್’ ಎಂದು ಬೀದಿಯೆಲ್ಲ ಓದಿಕೊಳ್ಳುತ್ತದೆ, ಬ್ಯಾಂಡ್ ಮಾಸ್ತರರೂ ಓದಿಕೊಳ್ಳುತ್ತಾರೆ.

ಇತಿ, ಹೊರಬಂದರೂ ಹೊರಗಾಗದೆ ಉಳಿದ,
ತಮ್ಮ ವಿಶ್ವಾಸಿ,
ಭಾವಮೈದ
(ಅಂಗಡಿಗೆ ಮಾಜಿ, ಅಕ್ಕನ ಮನೆಗೆ ಹಾಲಿ)

ಮರೆತಿದ್ದ ಮಾತು: ಬಿಡುಗಡೆ ಪತ್ರದಲ್ಲಿ ಸೇರಿಸಲು ಇಬ್ಬರೂ ಮರೆತದ್ದರಿಂದ, ಅಂಗಡಿಯ ಏಣಿಯೊಂದು ಇಂದಿಗೂ ನಮ್ಮಿಬ್ಬರ ಪಾಲುದಾರಿಕೆಯಲ್ಲೇ ಇದೆ. ಭಾವ ಅದನ್ನು ತಾವೇ ತಂದು ನಿಲ್ಲಿಸಿ, “ನೀನು ಹತ್ತೋ, ನಾನು ಕೆಳಗೆ ಹಿಡ್ಕೊಂಡಿರ್ತೀನಿ, ಏನೂ ಆಗಲ್ಲ” ಎಂದಿದ್ದಾರೆ. ಅವರ ಬಾಯಿಂದ ‘ಆಗಲ್ಲ’ ಎಂಬ ಮಾತನ್ನು ನಾನು ಕೇಳಿದ್ದು ಇದೇ ಮೊದಲು. ಆದುದರಿಂದ ನಾಳೆ ಬೆಳಿಗ್ಗೆ ಏಳು ಗಂಟೆಗೆ, ಏಣಿಯನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಮೂರು ಸುತ್ತು ಬಿಗಿದು, ಆಮೇಲೆ ಹತ್ತುತ್ತೇನೆ.