ಮೊಳೆ ಹೊಡೆಯದ ಸೂರು

ಬಹಳ ಹಿಂದೆ, ಅಂದರೆ ರಾಜರು ಪ್ರಜೆಗಳ ಕಷ್ಟವನ್ನು ಮೇಲಿನಿಂದ ನೋಡುತ್ತಿದ್ದ ಕಾಲದಲ್ಲಿ, ತುತ್ತೂರಿ ಎಂಬ ರಾಜ್ಯವಿತ್ತು. ಮೇಘಾಡಂಬರ ಮಹಾರಾಜರು ಅದನ್ನು ಆಳುತ್ತಿದ್ದರು. ಆ ರಾಜ್ಯದ ಬಯಲಪೇಟೆಗೆ ಒಂದು ಮಧ್ಯಾಹ್ನ ಸುಂಟರಗಾಳಿ ಬಂತು. ಯಾರ ಅಪ್ಪಣೆಯನ್ನೂ ಕೇಳದೆ, ಊಟ ಮಾಡಿದವರು ಕೈ ತೊಳೆಯುವಷ್ಟರಲ್ಲಿ ಊರಿನ ತಗಡು, ಹಂಚು, ಕೋಳಿಗೂಡು, ಶಾಲೆಯ ಗಂಟೆ ಎಲ್ಲವನ್ನೂ ಎತ್ತಿಕೊಂಡು ಹೋಯಿತು. ಗಂಟೆ ಪಕ್ಕದೂರಿನ ಬಾವಿಯಲ್ಲಿ ಸಿಕ್ಕಿತು. ಗೋಡೆ ಬಿದ್ದು ಸತ್ತವರನ್ನು ಊರವರೇ ಹೊತ್ತು ಮುಳುಗುವ ಮೊದಲು ಮಣ್ಣು ಮಾಡಿದರು.

ರೊಟ್ಟಿ ಬಡಿದು ಮಾರುವ ಗುರುಪಾದವ್ವನ ಮನೆಯಲ್ಲಿ ಗೋಡೆಗಳು ಉಳಿದವು, ಸೂರು ಹೋಯಿತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳು ನೀಲವ್ವ ಮಲಗಿದಲ್ಲಿಂದಲೇ ಮೋಡ ನೋಡುತ್ತಿದ್ದಳು. ಕೂಸು ನೆಲಕ್ಕೆ ಬೀಳುವ ಮೊದಲು ತಲೆಯ ಮೇಲೊಂದು ಸೂರಾಗಬೇಕು. ಗುರುಪಾದವ್ವನಿಗೆ ಬೇರೇನೂ ಬೇಕಿರಲಿಲ್ಲ.

ಬಯಲಪೇಟೆಯಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇಂದು ನನ್ನ ಮನೆ ಕೆಲಸಕ್ಕೆ ನೀನು, ನಾಳೆ ನಿನ್ನ ಮನೆಗೆ ನಾನು. ಕೂಲಿ ಇಲ್ಲ, ರೊಟ್ಟಿ ಉಂಟು. ಬಸುರಿ ಇರುವ ಮನೆ ಮೊದಲಾಗಲಿ ಎಂದು ಹಿರಿಯರು ತೀರ್ಮಾನಿಸಿದರು. ಹೊಲಗಳಲ್ಲಿ, ಬೇವಿನ ಮರಗಳಲ್ಲಿ ಸಿಕ್ಕ ತಗಡುಗಳನ್ನು ತಂದು, ಕಲ್ಲಿನಿಂದ ಬಡಿದು ನೆಟ್ಟಗೆ ಮಾಡಿ, ಗುರುಪಾದವ್ವನ ಮನೆಗೆ ಹೊದಿಸಿ ಮೊಳೆ ಹೊಡೆದರು. ಆಮೇಲೆ ಉಳಿದವರ ಮನೆ. ಅರಮನೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಊರು ಹೆಚ್ಚುಕಡಿಮೆ ಎದ್ದು ನಿಂತಿತ್ತು.

"ನಮ್ಮ ಗಮನಕ್ಕೆ ತಾರದೆ ಬೀಸಿತೇ?" ಎಂದರು ಮಹಾರಾಜರು.

"ತಮ್ಮೆದುರು ಬೀಸುವ ಧೈರ್ಯ ಅದಕ್ಕೆಲ್ಲಿ, ಪ್ರಭು? ಅದಕ್ಕೇ ಬಯಲಪೇಟೆಗೆ ಹೋಯಿತು," ಎಂದ ವಿಕೋಪ ಮಂತ್ರಿ ಭದ್ರಪೀಠ.

ವೈಮಾನಿಕ ಸಮೀಕ್ಷೆ ನಿಶ್ಚಯವಾಯಿತು. ಪುಷ್ಪಕ ವಿಮಾನ ಕೂಡಲೇ ಸಿದ್ಧವಾಯಿತಾದರೂ ದುಃಖಕ್ಕೆ ಯಾವ ಬಣ್ಣದ ಉತ್ತರೀಯ ಹೊಂದುತ್ತದೆ ಎಂಬ ಬಗ್ಗೆ ತಜ್ಞರ ಸಮಿತಿಯಲ್ಲಿ ಒಮ್ಮತ ಮೂಡಲು ತಡವಾಯಿತು. ಅಷ್ಟರಲ್ಲಿ ಪೂರ್ವಸಿದ್ಧತೆಗೆಂದು ಬಯಲಪೇಟೆಗೆ ಬಂದ ಭದ್ರಪೀಠ ದಿಗ್ಭ್ರಾಂತನಾಗಿ ನಿಂತ.

"ಯಾರ ಅನುಮತಿಯಿಂದ ಈ ಊರು ಎದ್ದು ನಿಂತಿದೆ?"

"ನಾವ ಎಬ್ಬಿಸೀವ್ರಿ," ಎಂದಳು ಗುರುಪಾದವ್ವ, ಕೈಯ ಹಿಟ್ಟು ಒರೆಸಿಕೊಳ್ಳುತ್ತ.

"ಅಮ್ಮಾ, ಮಹಾರಾಜರು ಅಷ್ಟು ದೂರದಿಂದ ಮರುಗಲು ಬರುತ್ತಿದ್ದಾರೆ. ಮರುಗಲು ಏನಾದರೂ ಬೇಡವೇ?"

"ಗಾಳಿ ಬಿಟ್ಟದ್ದು ಖರೇನ ಐತ್ರಿ. ಬೇಕಾದ್ರ ನಮ್ಮ ಮೈದುನನ ಗೋರಿ ತೋರಸ್ತೀನಿ, ಬರ್ರಿ."

"ಗೋರಿ ಮೇಲಿನಿಂದ ಕಾಣುವುದಿಲ್ಲ."

ಡಂಗುರ ಹೊಡೆಸಲಾಯಿತು: ಸಮೀಕ್ಷೆ ಮುಗಿಯುವವರೆಗೆ ಸಮಸ್ತ ಹಾನಿಯನ್ನು ಗಾಳಿ ಬಿಟ್ಟುಹೋದ ಯಥಾಸ್ಥಿತಿಗೆ ತಂದು ಇಡತಕ್ಕದ್ದು, ಅನಧಿಕೃತ ಚೇತರಿಕೆ ಶಿಕ್ಷಾರ್ಹ ಅಪರಾಧ.

ಸೈನಿಕರು ಸೂರು ಏರುವಾಗ ಒಳಗಿನಿಂದ ನೀಲವ್ವ ನರಳುವುದು ಕೇಳಿಸುತ್ತಿತ್ತು. ಗುರುಪಾದವ್ವ ಮಂತ್ರಿಯ ಕುದುರೆಗೆ ಅಡ್ಡ ನಿಂತಳು.

"ಮಗಳು ಬ್ಯಾನಿ ತಿನ್ನಾಕತ್ತಾಳ್ರಿ ಯಪ್ಪಾ. ಇವತ್ತೊಂದು ದಿನ ಬಿಡ್ರಿ."

"ಇವತ್ತೊಂದು ದಿನ ತೆಗೆಯಿರಿ ಎಂದಷ್ಟೇ ನಾನೂ ಬೇಡುತ್ತಿರುವುದು. ನಿಮ್ಮ ಸಹಕಾರ ಇತಿಹಾಸದಲ್ಲಿ ದಾಖಲಾಗುತ್ತದೆ."

ತಗಡು ಕೆಳಗಿಳಿಯಿತು. ಹನಿ ಶುರುವಾಯಿತು. ಓಣಿಯ ಹೆಂಗಸರು ಮನೆಗೆ ಓಡಿ ಇದ್ದಬದ್ದ ಸೀರೆ ತಂದರು. ಗೋಡೆಗಳ ಮೇಲೆ ಹತ್ತಿ ಕೂತು, ಆ ಗೋಡೆಯಿಂದ ಈ ಗೋಡೆಗೆ ಎಳೆದು ಹಿಡಿದರು. ಅದರ ಅಡಿಯಲ್ಲಿ ಸೂಲಗಿತ್ತಿ ಕಾಶೀಬಿ ಕೆಲಸಕ್ಕೆ ಕೂತಳು. ಸರಿಯಾಗಿ ಆಗ, ಊರಾಚೆ ಕಾದಿದ್ದ ಮಂತ್ರಿಯನ್ನು ಹತ್ತಿಸಿಕೊಂಡು ಪುಷ್ಪಕ ಬಂತು. ಮಹಾರಾಜರಿಗೆ ಚೆನ್ನಾಗಿ ಕಾಣಲೆಂದು ಕೆಳಕ್ಕೆ ಇಳಿಯಿತು. ಅದರ ರೆಕ್ಕೆಯ ಬಿರುಸಿಗೆ ಸೀರೆಗಳು ಪಟಪಟ ಬಡಿದುಕೊಂಡವು.

"ಬಿಗಿ ಹಿಡೀರೇ!" ಕಾಶೀಬಿ ಕೂಗಿದಳು. "ಮತ್ತೊಂದು ಗಾಳಿ ಬಂತು. ಇದಕ್ಕ ಕಿರೀಟ ಬ್ಯಾರೆ ಐತಿ!"

ಮೇಲೆ ಮಹಾರಾಜರು ದುರ್ಬೀನು ಇಳಿಸಿದರು. "ಆ ಬಣ್ಣಬಣ್ಣದ ವಸ್ತ್ರಗಳೇನು, ಮಂತ್ರಿಗಳೇ?"

"ಸೂರು ಕಳೆದುಕೊಂಡರೂ ಪ್ರಜೆಗಳು ತಮಗೆ ಬಾವುಟ ಬೀಸುತ್ತಿದ್ದಾರೆ, ಪ್ರಭು."

ಮಹಾರಾಜರ ಒಂದು ಕಣ್ಣು ತೇವಗೊಂಡಿತು. ಆಸ್ಥಾನದ ಚಿತ್ರಕಾರ ಆ ಕಡೆಯಿಂದಲೇ ಚಿತ್ರ ಬರೆದ. ಕೆಳಗೆ ಹೆಣ್ಣು ಕೂಸು ಹುಟ್ಟಿ, ನೆನೆದು, ಅತ್ತಿತು. ಪುಷ್ಪಕದ ಸದ್ದಿನಲ್ಲಿ ಆ ಅಳು ಗುರುಪಾದವ್ವನಿಗೆ ಮಾತ್ರ ಕೇಳಿಸಿತು.

ಅರಮನೆಗೆ ಮರಳಿದ ಮಹಾರಾಜರು ಆ ದೃಶ್ಯವನ್ನು ಮರೆಯಲಾರದೆ ಹೋದರು. ಪ್ರತಿವರ್ಷ ಅದೇ ತಿಥಿಯಂದು ಬಯಲಪೇಟೆಯಲ್ಲಿ 'ಸುಂಟರೋತ್ಸವ' ನಡೆಯತಕ್ಕದ್ದು. ಪ್ರಜೆಗಳು ಸೂರು ತೆಗೆದು ಸೀರೆ ಬೀಸತಕ್ಕದ್ದು. ತೆಗೆಯಲು ಅನುಕೂಲವಾಗುವಂತೆ ಆ ಊರಿನಲ್ಲಿ ಮೊಳೆ ಹೊಡೆಯುವುದನ್ನು ನಿಷೇಧಿಸಲಾಗಿದೆ. ಭಾವನೆ ಪ್ರಜೆಗಳದೇ ಆದ್ದರಿಂದ ಖರ್ಚೂ ಅವರದೇ. ಭದ್ರಪೀಠನಿಗೆ 'ವಾಯುಸ್ತಂಭಕ' ಎಂಬ ಬಿರುದು ದೊರೆಯಿತು.

ಗುರುಪಾದವ್ವ ತಗಡಿನ ಮೇಲೆ ಕಲ್ಲು ಹೇರಿದಳು.

"ಯವ್ವಾ, ಕದ್ದು ಒಂದೆರಡು ಮೊಳೀನರೆ ಹೊಡಿ," ಎಂದಳು ನೀಲವ್ವ.

"ಮೊಳಿ ಸದ್ದು ಮಾಡ್ತೈತಿ ಮಗಳ. ಕಲ್ಲು ಮಾತಾಡಂಗಿಲ್ಲ."

ಉತ್ಸವ ಹತ್ತಿರ ಬಂದಾಗ ಮತ್ತೆ ಗಾಳಿ ಬೀಸಿತು. ಸುಂಟರಗಾಳಿಯಲ್ಲ, ಹುಡುಗರು ಪಟ ಹಾರಿಸುವಂಥ ಗಾಳಿ. ಬಯಲಪೇಟೆಗೆ ಅಷ್ಟೇ ಸಾಕಾಯಿತು. ಕಲ್ಲು ಉರುಳಿ, ತಗಡು ತೊಟ್ಟಿಲ ಕಡೆಗೆ ಜಾರಿತು. ಗುರುಪಾದವ್ವ ಕೈ ಅಡ್ಡ ಒಡ್ಡಿದಳು. ಮೊಮ್ಮಗಳು ಉಳಿದಳು. ರೊಟ್ಟಿ ಬಡಿಯುವ ಬಲಗೈಯ ಬೆರಳು ಉಳಿಯಲಿಲ್ಲ.

ಪೂರ್ವಸಿದ್ಧತೆಗೆ ಬಂದ ವಾಯುಸ್ತಂಭಕ ಭದ್ರಪೀಠ ಬಟಾಬಯಲಾದ ಊರನ್ನು ಕಣ್ತುಂಬ ನೋಡಿದ.

"ಭೇಷ್! ಈ ಸಲ ನಾವು ಹೇಳುವ ಮೊದಲೇ ಎಲ್ಲ ಸಿದ್ಧ ಮಾಡಿಕೊಂಡಿದ್ದೀರಿ."

ಪುಷ್ಪಕ ಬಂತು. ಗುರುಪಾದವ್ವ ಕೂಸನ್ನು ಮಗಳ ಕೈಗೆ ಕೊಟ್ಟು ಎಡಗೈಯಲ್ಲಿ ಸೀರೆ ಬೀಸಿದಳು. ಬಲಗೈಗೆ ಸುತ್ತಿದ ಕೆಂಪಾದ ಬಟ್ಟೆಯೂ ಮೇಲಿನಿಂದ ಬಾವುಟದಂತೆಯೇ ಕಂಡಿತು.