ನಮ್ಮ ಪುಂಡಿಗಿಡವನ್ನು ಗಾಂಜಾ ಎಂದ ಪರ್ಣಧನ್ವಂತರಿಗೆ

ಯಿಶುನ್, ಸಿಂಗಪುರ
ಆಗಸ್ಟ್ ೨೦೧೮

ಮಾನ್ಯ ಪರ್ಣಧನ್ವಂತರಿ ಆ್ಯಪ್‌ನವರ ಸನ್ನಿಧಾನಕ್ಕೆ,

ಅಡ್ಡಬಿದ್ದು ಮಾಡುವ ನಮಸ್ಕಾರಗಳು. ತಾವು ಯಂತ್ರವೋ, ಯಂತ್ರದ ಹಿಂದೆ ಕುಳಿತ ಮಹನೀಯರೋ ಎಂಬುದು ನನಗೆ ತಿಳಿಯದು. ತಮ್ಮ ಸಹಾಯ ವಿಭಾಗಕ್ಕೆ ನಾನು ಬರೆದ ಏಳು ಪತ್ರಗಳಿಗೂ ಅಕ್ಷರ ತಪ್ಪದೆ ಒಂದೇ ಉತ್ತರ ಬಂದಿರುವುದರಿಂದ, ಮತ್ತು ಆ ಉತ್ತರದ ಕೊನೆಯಲ್ಲಿ ನಗುವ ಸೂರ್ಯಕಾಂತಿಯ ಚಿತ್ರವೊಂದು ಇರುವುದರಿಂದ, ನೊಂದವನಿಗೆ ಉಳಿದಿರುವುದು ಊರೆಲ್ಲ ಓದುವಂಥ ಪತ್ರವೊಂದೇ ಎಂದು ತೀರ್ಮಾನಿಸಿ, ಇಲ್ಲಿನ ಕನ್ನಡ ಬಳಗದ ಪತ್ರಿಕೆಯಲ್ಲಿ ಒಂದು ಪುಟ ಬೇಡಿ ಪಡೆದು ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ಪರಿಚಯ. ಹೆಸರು ಅಚ್ಯುತ, ಮೂಲತಃ ವಿಜಯಪುರದವನು. ಸೆಲೆಟಾರಿನಲ್ಲಿ ವಿಮಾನಗಳ ದುರಸ್ತಿಯಾದ ಮೇಲೆ ಎಲ್ಲ ಸರಿಯಾಗಿದೆಯೇ ಎಂದು ನೋಡಿ ಸಹಿ ಹಾಕುವ ಕೆಲಸ. ನಮ್ಮಲ್ಲಿ ಒಂದು ನಿಯಮವಿದೆ: ದಾಖಲೆ ಪುಸ್ತಕದಲ್ಲಿ ಬರೆಯದೆ, ಬರೆದದ್ದಕ್ಕೆ ಸಹಿ ಮಾಡದೆ, ಯಾರೂ ಒಂದು ಬೋಲ್ಟನ್ನೂ ತಿರುಗಿಸುವಂತಿಲ್ಲ. ಇಪ್ಪತ್ತೊಂದು ವರ್ಷಗಳಿಂದ ಈ ನಿಯಮವನ್ನು ಇತರರಿಗೆ ಬೋಧಿಸುತ್ತ ಬಂದಿರುವ ನಾನು ನನ್ನ ಮನೆಯ ಒಂದು ಕುಂಡದ ವಿಷಯದಲ್ಲಿ ಅದನ್ನು ಮರೆತೆ ಎಂಬುದನ್ನು ತಾವು ಮುಂದೆ ನೋಡುವಿರಿ. ದೂರು ಕೊಡುವವನು ತನ್ನ ತಪ್ಪನ್ನೂ ಹೇಳಬೇಕೆಂಬುದು ನಮ್ಮ ಅವ್ವನ ಕಟ್ಟಪ್ಪಣೆ.

ಅವ್ವ ಅಂದರೆ ಭಾನುಮತಿಬಾಯಿ, ವಯಸ್ಸು ಎಪ್ಪತ್ತನಾಲ್ಕು. ಮೇ ತಿಂಗಳಲ್ಲಿ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಳು. ಬಂದ ಮರುದಿನವೇ ಕುಂಡವೊಂದರಲ್ಲಿ ಪುಂಡಿಯ ಬೀಜ ಊರಿದಳು. ಆ ಬೀಜಗಳು ಈ ದೇಶಕ್ಕೆ ಹೇಗೆ ಬಂದವು ಎಂಬುದನ್ನು ಬಹಿರಂಗ ಪತ್ರದಲ್ಲಿ ಬರೆಯುವುದು ಜಾಣತನವಲ್ಲವಾದ್ದರಿಂದ ಬಿಟ್ಟಿದ್ದೇನೆ. ಟೆಕ್ಕಾ ಮಾರ್ಕೆಟ್ಟಿನಲ್ಲಿ ಕೆಂಪು ಕಾಂಡದ ಗೋಂಗುರ ಸಿಗುತ್ತದೆ, ತಂದೂ ಕೊಟ್ಟೆವು. ಒಂದು ಎಲೆ ಕಿತ್ತು ಬಾಯಿಗಿಟ್ಟು, "ಇದು ಆಂಧ್ರದವರ ಪುಂಡಿ, ನಮ್ಮದಲ್ಲೋ, ಹುಳಿನ ಬ್ಯಾರೆ ಅದ" ಎಂದು ಪಕ್ಕಕ್ಕೆ ಸರಿಸಿದಳು. ನಮ್ಮ ಕಾರಿಡಾರಿಗೆ ಬಿಸಿಲು ಬೀಳುವುದಿಲ್ಲ. ಹೀಗಾಗಿ ಕುಂಡ ಅವ್ವ ಮಲಗುವ ಚಿಕ್ಕ ಕೋಣೆ ಸೇರಿತು. ಮೇಲೆ ನಾನು ನೇರಳೆ ಬಣ್ಣದ ಎಲ್‌ಇಡಿ ದೀಪವೊಂದನ್ನು ತರಿಸಿ ತೂಗುಹಾಕಿದೆ. ಸಂಜೆ ಕೆಳಗಿನಿಂದ ನೋಡಿದರೆ ನಮ್ಮ ಕಿಟಕಿಯೊಂದೇ ನೇರಳೆಯಾಗಿ ಕಾಣುತ್ತಿತ್ತು, ಮತ್ತು ಅದರಲ್ಲಿ ನನಗೆ ಆಗ ಯಾವ ಅಪಾಯವೂ ಕಾಣಲಿಲ್ಲ.

ಐದನೆಯ ವಾರಕ್ಕೆ ಅವ್ವನಿಗೆ ಹೊಟ್ಟೆನೋವು ಬಂದು, ಆಸ್ಪತ್ರೆಗೆ ಸೇರಿಸಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಚಿಕಿತ್ಸೆ ಚೆನ್ನಾಗಿಯೇ ಆಯಿತು. ಕಷ್ಟ ಬಂದದ್ದು ಆಮೇಲೆ. ಮನೆಗೆ ಬಂದವಳು ಉಣ್ಣಲೊಲ್ಲಳು. ಎರಡು ಚಮಚ ಗಂಜಿ, ಅರ್ಧ ಬಾಳೆಹಣ್ಣು, ಅಷ್ಟಕ್ಕೆ ಕೈ ತೊಳೆದುಕೊಳ್ಳುವಳು. ಮೂರು ವಾರದಲ್ಲಿ ಆರು ಕೆಜಿ ಇಳಿದಳು, ಬಳೆ ಮೊಣಕೈವರೆಗೆ ಜಾರತೊಡಗಿತು. ವೈದ್ಯರು ಪೌಷ್ಟಿಕ ಪುಡಿಯೊಂದನ್ನು ಬರೆದುಕೊಟ್ಟು ದಿನಕ್ಕೆರಡು ಲೋಟ ಹಾಲಿನಲ್ಲಿ ಕಲಸಿ ಕೊಡಲು ಹೇಳಿದರು. ಉಣ್ಣದಿದ್ದರೆ ಮತ್ತೆ ದಾಖಲು ಮಾಡಿ ಮೂಗಿನಿಂದ ನಳಿಕೆ ಹಾಕಬೇಕಾದೀತು ಎಂದೂ ಹೇಳಿದರು. ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಕೇಳಿದಾಗಲೆಲ್ಲ ಅವ್ವ ಹೇಳುತ್ತಿದ್ದುದು ಒಂದೇ: ಪುಂಡಿಪಲ್ಯ, ಬಿಸಿ ರೊಟ್ಟಿ. ಆದ್ದರಿಂದ ಮಾನ್ಯರೇ, ಆ ಕುಂಡದ ಆರು ಗಿಡಗಳು ನಮಗೆ ಗಿಡಗಳಾಗಿ ಉಳಿದಿರಲಿಲ್ಲ. ಅವು ಬದುಕಿದರೆ ಅವ್ವ ಉಣ್ಣುತ್ತಾಳೆ ಎಂದು ಮನೆಮಂದಿಯೆಲ್ಲ ನಂಬಿದ್ದೆವು.

ಸರಿಯಾಗಿ ಅವ್ವ ಮನೆಗೆ ಮರಳಿದ ವಾರವೇ ಎಲೆಗಳು ಹಳದಿಯಾಗತೊಡಗಿದ್ದವು. ಎಲೆಯ ಫೋಟೊ ನೋಡಿ ರೋಗ ಹೇಳುವ ತಮ್ಮನ್ನು ನಾನು ಮತ್ತೆ ಮೊರೆಹೊಕ್ಕೆ.

ತಮ್ಮ ಪಾಂಡಿತ್ಯವನ್ನು ಹೊಗಳದೆ ಮುಂದೆ ಹೋದರೆ ನಾಲಿಗೆಗೆ ಪಾಪ ಸುತ್ತಿಕೊಂಡೀತು. ಪುಂಡಿಯ ಎಲೆ ಎಳೆಯದಾಗಿದ್ದಾಗ ಹೃದಯದಾಕಾರ, ಬೆಳೆಯುತ್ತ ಬಂದಂತೆ ಐದು ಬೆರಳು ಬಿಡಿಸಿದ ಹಾಗೆ ಸೀಳುತ್ತದೆ. ಮೊದಲ ತಿಂಗಳು ನಾನು ಕಳಿಸಿದ ಫೋಟೊ ನೋಡಿ ತಾವು ಬೆಂಡೆ ಎಂದಿರಿ. ಅದನ್ನು ಮನ್ನಿಸಿದ್ದೇನೆ, ಬೆಂಡೆಯೂ ಪುಂಡಿಯೂ ದೂರದ ದಾಯಾದಿಗಳು. ಆದರೆ ಎಲೆ ಸೀಳಿದ್ದೇ ತಡ, ತಾವು ಹಸಿರು ಅಕ್ಷರಗಳಲ್ಲಿ, ಶೇಕಡಾ ತೊಂಬತ್ತೇಳು ಖಾತ್ರಿಯಿಂದ, "ನಿಮ್ಮ ಒಳಾಂಗಣ ಗಾಂಜಾ ಗಿಡಕ್ಕೆ ಸಾರಜನಕದ ಕೊರತೆಯಾಗಿದೆ" ಎಂದು ಘೋಷಿಸಿದಿರಿ. ಮಾನ್ಯರೇ, ಈ ದೇಶದಲ್ಲಿ ಆ ಗಿಡದ ಹೆಸರನ್ನು ಲಿಫ್ಟಿನಲ್ಲಿ ಹೇಳುವುದಕ್ಕೂ ಜನ ಹಿಂದುಮುಂದು ನೋಡುತ್ತಾರೆ. ವಿಮಾನ ಇಳಿಯುವ ಮೊದಲೇ ಅದರ ಶಿಕ್ಷೆ ಏನೆಂದು ಚೀಟಿ ಕೊಟ್ಟು ಓದಿಸಿ ಬಾಗಿಲು ತೆರೆಯುವ ಊರಿದು. ತಾವು ಮಾತ್ರ ಎಳ್ಳಷ್ಟೂ ಅಳುಕದೆ, ನನ್ನ ಬೆಳೆ ಇನ್ನು ನಾಲ್ಕು ವಾರಕ್ಕೆ ಹೂ ಬಿಡಲಿದೆಯೆಂದು ಅಭಿನಂದನೆಯನ್ನೂ ಕಳಿಸಿದಿರಿ.

ಆಗಲೇ ನಾನು ತಮ್ಮನ್ನು ಫೋನಿನಿಂದ ಅಳಿಸಿ ಹಾಕಬೇಕಿತ್ತು. ಹಾಕಲಿಲ್ಲ. ಹೆಸರು ತಪ್ಪಾದರೇನು, ರೋಗ ಸರಿಯಿರಬಹುದಲ್ಲ ಎಂದುಕೊಂಡೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡು ನಗುತ್ತಿದ್ದ ನಾನು ಹಗ್ಗ ಹಿಡಿದು ನಿಂತೆ. ಸಾರಜನಕದ ದ್ರಾವಣ ಹಾಕಿದೆ. ಎಲೆಯ ತುದಿ ಕಂದಾಗಿ ಸುಟ್ಟಂತಾಯಿತು. ತಾವು ಪೊಟ್ಯಾಶ್ ಕೊರತೆ ಎಂದಿರಿ, ಪೊಟ್ಯಾಶ್ ಹಾಕಿದೆ. ನರಗಳು ಹಸಿರಾಗಿದ್ದು ನಡುವಿನ ಭಾಗ ಬಿಳಿಚಿತು. ಮೆಗ್ನೀಸಿಯಂ ಎಂದಿರಿ, ಎಪ್ಸಮ್ ಉಪ್ಪು ಕರಗಿಸಿ ಹುಯ್ದೆ. ಚುಕ್ಕೆ ಬಿದ್ದವು; ಕ್ಯಾಲ್ಸಿಯಂ ಎಂದಿರಿ. ತಮ್ಮ ಶಬ್ದಕೋಶದಲ್ಲಿ ಕೊರತೆ ಎಂಬ ಪದಕ್ಕೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಬೆಳಿಗ್ಗೆ, ಮಧ್ಯಾಹ್ನದ ಊಟಕ್ಕೆ ಬಂದಾಗ, ಸಂಜೆ, ಹೀಗೆ ದಿನಕ್ಕೆ ಮೂರು ಬಾರಿ ನಾನು ಎಲೆಗಳ ಫೋಟೊ ತೆಗೆದೆ. ಪಕ್ಕದ ಮಂಚದ ಮೇಲೆ ಮಲಗಿದ್ದ ಅವ್ವನ ಮುಖ ಆ ಫೋಟೊಗಳ ಅಂಚಿನಲ್ಲಿ ಕೆಲವು ಕಡೆ ಬಂದಿದೆ. ಅದನ್ನು ನಾನು ಕತ್ತರಿಸಿ ತಮಗೆ ಕಳಿಸುತ್ತಿದ್ದೆ, ಎಲೆ ಸ್ಪಷ್ಟವಾಗಿ ಕಾಣಲೆಂದು.

ಇಷ್ಟಾದರೂ ಸುಮ್ಮನಿರುತ್ತಿದ್ದೆನೇನೋ. ಆದರೆ ತಾವು ನನ್ನನ್ನು ಕೇಳದೆಯೇ "ನಿಮ್ಮ ಸಮೀಪದ ಬೆಳೆಗಾರರು" ಎಂಬ ನಕಾಶೆಯಲ್ಲಿ ನಮ್ಮ ಬ್ಲಾಕಿನ ಮೇಲೆ ಹಸಿರು ಬಾವುಟ ನೆಟ್ಟು, ಅದರ ಕೆಳಗೆ ಗಾಂಜಾ, ಒಳಾಂಗಣ, ಆರು ಗಿಡ ಎಂದು ಬರೆದು, ತಮ್ಮ ಆ್ಯಪ್ ಬಳಸುವ ಸುತ್ತಲಿನವರಿಗೆಲ್ಲ ಸುದ್ದಿ ಮುಟ್ಟಿಸಿದಿರಿ. ಪಕ್ಕದ ಬ್ಲಾಕಿನಲ್ಲಿ ಬಸಳೆ ಬೆಳೆಸುವ ಉಡುಪಿಯ ಉಗ್ಗಪ್ಪನವರು ಭಾನುವಾರ ಬೆಳಿಗ್ಗೆ ಚಪ್ಪಲಿ ಸಹ ಸರಿಯಾಗಿ ಮೆಟ್ಟದೆ ಬಂದು, ಬಾಗಿಲು ಹಾಕಿಕೊಂಡು, "ಮಾರಾಯ್ರೆ, ನಿಮ್ಮ ಬೆಡ್‌ರೂಮ್ ಮ್ಯಾಪಲ್ಲಿ ಬಂದಿದೆ, ಇಲ್ಲೇ ಕಾಯಂ ಇರ್ಲಿಕ್ಕೆ ಪಿಆರ್ ಅಪ್ಲಿಕೇಶನ್ ಬೇರೆ ಹಾಕಿದ್ದೀರಿ" ಎಂದು ಪಿಸುಗುಟ್ಟಿದರು. ಹನ್ನೆರಡು ವರ್ಷದ ಮಗಳು ಗಗನಾ, "ಅಪ್ಪಾ, ಲೈಟ್ ಆಫ್ ಮಾಡು ಲಾ, ವೆರಿ ಸಸ್ಪೀಷಿಯಸ್" ಎಂದಳು. ದೀಪ ಆರಿಸಿದರೆ ಗಿಡ ಸಾಯುತ್ತದೆ, ಉರಿಸಿದರೆ ನಾನು. ಪರದೆ ಎಳೆದು ದೀಪ ಉರಿಸಿದೆ.

ಮಂಗಳವಾರ ಕರೆಗಂಟೆ ಬಾರಿಸಿತು. ಸಮವಸ್ತ್ರ ತೊಟ್ಟು, ಕೈಯಲ್ಲಿ ಟಾರ್ಚ್ ಹಿಡಿದ ಮಲಯ ಮಹಿಳೆಯೊಬ್ಬರು ನಿಂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಕಳ್ಳ ಎನ್ನುವುದಕ್ಕೂ ಮೊದಲೇ ನಾನು ಎರಡೂ ಹೆಗಲು ಮುಟ್ಟಿಕೊಂಡೆ. ಬಾಗಿಲಲ್ಲೇ ನಿಂತು, ಅದು ಗಾಂಜಾ ಅಲ್ಲವೆಂದೂ, ನಾನು ವಿಮಾನಗಳಿಗೆ ಸಹಿ ಹಾಕುವ ಮರ್ಯಾದಸ್ಥನೆಂದೂ, ಗಿಡ ಅವ್ವನದೆಂದೂ, ಅವ್ವನೂ ಮರ್ಯಾದಸ್ಥಳೆಂದೂ ಐದು ನಿಮಿಷ ಭಾಷಣ ಮಾಡಿದೆ. ಆಕೆ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಅಂಕಲ್, ಐ ಕಮ್ ಫಾರ್ ಮೊಸ್ಕಿಟೊ ಓನ್ಲಿ ಲಾ" ಎಂದರು. ಡೆಂಗಿಯ ಕಾಲ, ಮನೆಮನೆಯಲ್ಲಿ ನಿಂತ ನೀರು ಹುಡುಕುವ ಕೆಲಸ ಅವರದು. ಅಷ್ಟೆಲ್ಲ ಹೇಳಿದ ಮೇಲೆ ಆ ಗಿಡ ತೋರಿಸದೆ ಇರುವಂತಿರಲಿಲ್ಲ.

ಈಗ, ಮಾನ್ಯರೇ, ದಯವಿಟ್ಟು ತಮ್ಮ ತಂತ್ರಜ್ಞರನ್ನು ಕರೆದು ಕೂರಿಸಿ ಈ ಭಾಗವನ್ನು ಓದಿಸಿ. ಆಕೆ ಗಿಡ ನೋಡಿದರು, ಕೆನಾಫ್ ಎಂದರು, ಮಲೇಶಿಯಾದ ಕೆಲಂತಾನಿನಲ್ಲಿರುವ ತಮ್ಮ ಮಾವ ತಂಬಾಕು ಬಿಟ್ಟು ಹಗ್ಗದ ನಾರಿಗೆಂದು ಇದನ್ನೇ ಎಕರೆಗಟ್ಟಲೆ ಬೆಳೆಯುತ್ತಾರೆ ಎಂದರು. ಇದಕ್ಕೆ ಅವರಿಗೆ ಬೇಕಾದದ್ದು ಒಂದು ಕ್ಷಣ, ಎರಡು ಕಣ್ಣು. ಆಮೇಲೆ ಕುಂಡದ ಕೆಳಗಿನ ತಟ್ಟೆ ಎತ್ತಿ ಟಾರ್ಚ್ ಬಿಟ್ಟು, ಮೂಗು ಮುಚ್ಚಿಕೊಂಡು, ಈ ಗಿಡಕ್ಕೆ ವೆನಿಲ್ಲಾ ಹಾಲು ಕುಡಿಸುವವರು ಯಾರು ಎಂದು ಕೇಳಿದರು.

ಆ ಸಂಜೆ ನಾನು ಮನೆಯಲ್ಲಿ ವಿಚಾರಣೆ ಕೂರಿಸಿದೆ. ಹಾಳೆಯೊಂದನ್ನು ಗೋಡೆಗೆ ಅಂಟಿಸಿ, ಯಾರು ಯಾವಾಗ ಏನು ಹಾಕಿದಿರಿ ಬರೆದು ಸಹಿ ಮಾಡಿ ಎಂದೆ. ಹೆಂಡತಿ ಪದ್ಮಜಾ ದಿನಾ ಅಕ್ಕಿ ತೊಳೆದ ನೀರು, ವಾರಕ್ಕೆರಡು ಸಲ ಹುಳಿ ಮಜ್ಜಿಗೆ ಎಂದು ಬರೆದಳು. ಗಗನಾ ತನಗೆ ಸೇರದ ವಿಟಮಿನ್ ಮಾತ್ರೆಗಳನ್ನು ದಿನಕ್ಕೊಂದರಂತೆ ಮಣ್ಣಿನಲ್ಲಿ ಹೂಳಿದ್ದಳು. ಉಗ್ಗಪ್ಪನವರು ಬಂದಾಗಲೆಲ್ಲ ಒಂದು ಹಿಡಿ ಹಿಂಡಿ ಹಾಕಿ ಹೋಗುತ್ತಿದ್ದರಂತೆ. ನನ್ನ ಪಟ್ಟಿ ತಮಗೆ ಗೊತ್ತೇ ಇದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ನಮ್ಮ ಭಾಷೆಯಲ್ಲಿದ್ದೂ, ಕೊರತೆ ಹುಡುಕುತ್ತ ನಾವೆಲ್ಲ ಸೇರಿ ಆ ಗಿಡಗಳಿಗೆ ತಿನ್ನಿಸಿ ತಿನ್ನಿಸಿ ಬೇರು ಸುಟ್ಟಿದ್ದೆವು.

ಕೊನೆಗೆ ಅವ್ವ ಮಂಚದಿಂದಲೇ ಪೆನ್ನು ಕೇಳಿದಳು. ಬರೆದಳು: ಹಾಲು, ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ವೈದ್ಯರು ಬರೆದುಕೊಟ್ಟ ಪೌಷ್ಟಿಕ ಪುಡಿಯ ಹಾಲು. ಮೂರು ವಾರ ನಾವು ಕೊಟ್ಟ ಅಷ್ಟೂ ಲೋಟಗಳನ್ನು, ನಾವು ಆ ಕಡೆ ತಿರುಗಿದೊಡನೆ, ಅವಳು ಕುಂಡಕ್ಕೆ ಸುರಿದಿದ್ದಳು. ಯಾಕವ್ವ ಎಂದು ಕೇಳಿದೆ. "ನನಗ ಅದು ಗಂಟಲಾಗ ಇಳಿಯಂಗಿಲ್ಲ. ನೀ ದಿನಾ ಆ ಗಿಡಕ್ಕ ಶಕ್ತಿ ಇಲ್ಲ, ಶಕ್ತಿ ಇಲ್ಲ ಅಂತಿದ್ದಿ. ಅದರ ಹೊಟ್ಟಿಗಾರ ಬೀಳಲಿ ಅಂದೆ" ಎಂದಳು.

ನನಗೆ ಅಳು ಬಂತು, ಮಾನ್ಯರೇ. ಅದನ್ನು ಮುಚ್ಚಿಡುವುದಿಲ್ಲ. ಕೊರತೆ ಇದ್ದದ್ದು ಮಂಚದ ಮೇಲೆ. ನಾನು ಅದನ್ನು ಕುಂಡದಲ್ಲಿ ಹುಡುಕುತ್ತಿದ್ದೆ.

ಅವ್ವ ಮಾತ್ರ ಅಳಲಿಲ್ಲ. ಗಿಡ ಹೆಂಗೂ ಉಳಿಯಂಗಿಲ್ಲ, ಕಿತ್ತು ತಾ ಎಂದಳು. ಮೊರದಲ್ಲಿ ಎಲೆ ಆರಿಸಿದಳು: ಹಳದಿ ಅತ್ತ, ಹಸಿರು ಇತ್ತ, ಅರ್ಧ ಹಸಿರಿದ್ದದ್ದನ್ನು ಚಿವುಟಿ ಅರ್ಧ ಇತ್ತ. ಹಸಿರೆಲ್ಲ ಸೇರಿ ಎರಡು ಹಿಡಿ ಆಯಿತು. ಮೂರು ನೀರಿನಲ್ಲಿ ತೊಳೆದು, ಪದ್ಮಜಾ ಅದಕ್ಕೆ ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಕಡೆದು, ಒಗ್ಗರಣೆ ಕೊಟ್ಟಳು. ರೊಟ್ಟಿ ತಟ್ಟಿದಳು. ಅವ್ವ ಎದ್ದು ಕೂತು ಒಂದು ರೊಟ್ಟಿ ಮುಗಿಸಿ, ತಟ್ಟೆ ಮುಂದೆ ಚಾಚಿ, ಇನ್ನರ್ಧ ಹಾಕು ಎಂದಳು. ಒಂದು ತಿಂಗಳಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ನಕಾಶೆಯಿಂದ ಆ ಬಾವುಟ ಕಿತ್ತು, ಅದೇ ಜಾಗದಲ್ಲಿ ಭಾನುಮತಿಬಾಯಿಯವರು ಮರ್ಯಾದಸ್ಥರು ಎಂಬ ಫಲಕ ನೆಡಬೇಕು. ಶೇಕಡಾ ತೊಂಬತ್ತೇಳು ಖಾತ್ರಿಯಲ್ಲಿ ಉಳಿದ ಮೂರು ಯಾರ ಮನೆಯಲ್ಲಿದೆ ಎಂದು ಹುಡುಕಿ ತಿಳಿಸಬೇಕು. ಸಾಧ್ಯವಾದರೆ ತಮಗೊಂದು ನಾಲಿಗೆ ಜೋಡಿಸಿಕೊಳ್ಳಬೇಕು. ಒಂದು ಎಲೆ ಅಗಿದಿದ್ದರೆ ಹುಳಿಯಿಂದಲೇ ತಮಗೆ ಎಲ್ಲ ತಿಳಿಯುತ್ತಿತ್ತು. ಅದೂ ಆಗದಿದ್ದರೆ, ತಮ್ಮ ಪಟ್ಟಿಯಲ್ಲಿ ಕೊರತೆಗಳ ಕೆಳಗೆ ಒಂದು ಸಾಲು ಸೇರಿಸಬೇಕು: ಮೊದಲು ಮನೆಯವರನ್ನು ಕೇಳಿ.

ತೊಂಬತ್ತೇಳರಷ್ಟು ಬೆಳೆಗಾರನೂ ಮೂರರಷ್ಟು ಮಗನೂ ಆಗಿದ್ದ, ಈಗ ಲೆಕ್ಕ ತಿರುವುಮುರುವು ಮಾಡಿಕೊಳ್ಳುತ್ತಿರುವ

ತಮ್ಮ ವಿಶ್ವಾಸಿ,
ಅಚ್ಯುತ

ತಾ.ಕ.: ಆ ಸಂಜೆ ಗಗನಾ ಕುತೂಹಲಕ್ಕೆಂದು ಅಜ್ಜಿಯ ತಟ್ಟೆಯಲ್ಲಿದ್ದ ಪಲ್ಯದ ಫೋಟೊ ತೆಗೆದು ತಮಗೆ ಕಳಿಸಿದ್ದಳು. ಎಲೆಗಳು ಸಂಪೂರ್ಣ ಕೊಳೆತಿವೆ, ಗಿಡ ಉಳಿಯುವ ಸಾಧ್ಯತೆಯಿಲ್ಲ, ಕೂಡಲೇ ಮನೆಯವರಿಂದ ದೂರವಿಡಿ ಎಂದು ತಾವು ಎಚ್ಚರಿಸಿದಿರಿ. ಸಕಾಲಿಕ ಸಲಹೆಗೆ ಕೃತಜ್ಞತೆಗಳು. ಪಾಲಿಸಲಾಗಲಿಲ್ಲ, ಅಷ್ಟರಲ್ಲಿ ಅವ್ವ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿಯಾಗಿತ್ತು.